ಫ್ರಾನ್ಸಿನ ಹಳ್ಳಿದಾರಿಯಲ್ಲಿ ಹನ್ನೊಂದು ದಿನ: ನೀವೇ ಬುಕ್ ಮಾಡಿಕೊಳ್ಳಿ, ಪ್ಯಾಕೇಜ್ ಬೇಡ

ಸೋಗ್ ಅನ್ನುವ ಊರಿನಲ್ಲಿ ನಮ್ಮ ಕೋಣೆಯ ಬಾಗಿಲ ಹಿಂದೆ ದರದ ಹಾಳೆ ಅಂಟಿಸಿದ್ದರು. ಇಬ್ಬರ ಕೋಣೆ, ರಾತ್ರಿ ಊಟ, ಬೆಳಗಿನ ತಿಂಡಿ ಎಲ್ಲ ಸೇರಿ ತಲೆಗೆ 58 ಯೂರೋ. ನಮ್ಮವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಂಚದ ಮೇಲೆ ಕೂತು ಲೆಕ್ಕ ಹಾಕಿದರು. ಐದು ರಾತ್ರಿಗೆ ಇಬ್ಬರಿಗೆ 580. ಎರಡು ಬ್ಯಾಗನ್ನು ಮುಂದಿನ ಊರಿಗೆ ಸಾಗಿಸಲು ದಿನಕ್ಕೆ 18ರಂತೆ ನಾಲ್ಕು ದಿನಕ್ಕೆ 72. ಒಟ್ಟು 652. ನಾವು ಪ್ಯಾಕೇಜ್ ಮಾರಿದ ಕಂಪನಿಗೆ ಕಟ್ಟಿದ್ದು 1,240. ಉಳಿದ ನಾಲ್ಕು ಕಡೆಯೂ ಹೆಚ್ಚುಕಡಿಮೆ ಇದೇ ದರ ಅಂತ ಆಮೇಲೆ ಕೇಳಿ ತಿಳಿದೆವು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೈಡ್ ಇಲ್ಲದ ನಡಿಗೆಯ ಪ್ಯಾಕೇಜ್ ಅಂದರೆ ಏನು ಅಂತ ಹೊರಡುವ ಮೊದಲು ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಕಂಪನಿಯವರು ಯಾರೂ ನಿಮ್ಮ ಜೊತೆ ಬರುವುದಿಲ್ಲ. ಕೋಣೆ ಹಿಡಿಯುತ್ತಾರೆ, ಬ್ಯಾಗ್ ವ್ಯಾನಿನವರಿಗೆ ಹೇಳುತ್ತಾರೆ, ಒಂದು ಫೋಲ್ಡರಿನಲ್ಲಿ ನಕ್ಷೆ ಕೊಡುತ್ತಾರೆ. ಅಷ್ಟೆ. ನಡೆಯುವವರು ನಾವೇ, ದಾರಿ ಹುಡುಕುವವರೂ ನಾವೇ. ಅದೃಷ್ಟಕ್ಕೆ ನಾವು ಮೊದಲ ಐದು ರಾತ್ರಿಗೆ ಮಾತ್ರ ಪ್ಯಾಕೇಜ್ ತೆಗೆದುಕೊಂಡಿದ್ದೆವು. ಉಳಿದದ್ದನ್ನು ಲಿಯಾನ್‌ನಲ್ಲಿ ಓದುತ್ತಿರುವ ಮಗಳ ಸಹಾಯದಿಂದ ಮೇಲ್ ಬರೆದು ನಾವೇ ಹಿಡಿದೆವು. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನಾವು ನಡೆದದ್ದು ಜಿ.ಆರ್. 65 ಅನ್ನುವ ದಾರಿಯ ಮೊದಲ ಭಾಗ. ಲೆ ಪುಯಿ ಆನ್ ವೆಲೆ ಊರಿನಿಂದ ಕೋಂಕ್‌ವರೆಗೆ, ಸುಮಾರು 200 ಕಿಲೋಮೀಟರ್. ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ಹೋಗುವವರ ಹಳೇ ದಾರಿ ಇದು. 950ರ ಸುಮಾರಿಗೆ ಲೆ ಪುಯಿಯ ಬಿಷಪ್ ಇಲ್ಲಿಂದ ಹೊರಟು ಹೋಗಿ ಬಂದ ದಾಖಲೆ ಇದೆ. ಈಗ ನಡೆಯುವವರಲ್ಲಿ ಭಕ್ತರೂ ಇದ್ದಾರೆ, ಸುಮ್ನೆ ರಜೆಗೆ ಬಂದವರೂ ಇದ್ದಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಪ್ಯಾರಿಸ್‌ನಿಂದ ರೈಲಿನಲ್ಲಿ ಲಿಯಾನ್, ಅಲ್ಲಿಂದ ಸೇಂಟ್ ಎತಿಯೆನ್, ಅಲ್ಲಿಂದ ಸಣ್ಣ ರೈಲಿನಲ್ಲಿ ಲೆ ಪುಯಿ.

ಯಾವ ವಾರ ಹೊರಡುತ್ತೀರಿ ಅನ್ನುವುದಕ್ಕಿಂತ ಯಾವ ದಿನ ಹೊರಡುತ್ತೀರಿ ಅನ್ನುವುದು ಮುಖ್ಯ. ಫ್ರೆಂಚರಲ್ಲಿ ತುಂಬಾ ಜನ ಈ ದಾರಿಯನ್ನು ವರ್ಷಕ್ಕೆ ಒಂದು ವಾರದಂತೆ ತುಂಡು ತುಂಡಾಗಿ ನಡೆಯುತ್ತಾರೆ. ಶನಿವಾರ ಬಂದು ಇಳಿಯುತ್ತಾರೆ, ಭಾನುವಾರ ಬೆಳಿಗ್ಗೆ ಏಳರ ಪೂಜೆ ಮುಗಿಸಿ ಕೆಥೆಡ್ರಲ್ಲಿನ ಮೆಟ್ಟಿಲು ಇಳಿದು ಒಟ್ಟಿಗೆ ಹೊರಡುತ್ತಾರೆ. ಕಂಪನಿಯವರು ನಮ್ಮನ್ನೂ ಭಾನುವಾರವೇ ಹೊರಡಿಸಿದ್ದರು. ಮೊದಲ ನಾಲ್ಕು ದಿನ ಜಾತ್ರೆಯಲ್ಲಿ ನಡೆದ ಹಾಗಿತ್ತು. ಎಲ್ಲಿ ನೀರು ಕುಡಿಯಲು ನಿಂತರೂ ಇಪ್ಪತ್ತು ಜನ. ನನಗೆ ಗುಂಪು ಆಗುವುದಿಲ್ಲ, ಮೌನ ಬೇಕು ಅಂತಲೇ ಅಷ್ಟು ದೂರ ಹೋದವಳು ನಾನು. ಐದನೇ ದಿನ ಓಮೋಂ ಓಬ್ರಾಕ್‌ನಲ್ಲಿ ಒಂದು ದಿನ ಸುಮ್ಮನೆ ಉಳಿದೆವು. ಗುಂಪು ಮುಂದಕ್ಕೆ ಹೋಯಿತು. ಮಾರನೇ ದಿನದಿಂದ ದಾರಿ ನಮ್ಮದೇ ಆಯಿತು. ಆದ್ದರಿಂದ ಮಂಗಳವಾರವೋ ಬುಧವಾರವೋ ಹೊರಡಿ. ಮೇ ತಿಂಗಳಿನಲ್ಲಿ ಮೇ 1, ಮೇ 8 ರಜೆ. ಅಸೆನ್ಷನ್ ಅನ್ನುವ ಕ್ರೈಸ್ತ ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ, ಆಗಂತೂ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ದೇಶವೇ ರಜೆಯಲ್ಲಿರುತ್ತದೆ. ಆ ವಾರ ಹಾಸಿಗೆ ಸಿಗುವುದು ಕಷ್ಟ. ನಾವು ಜೂನ್ ಎರಡನೇ ವಾರ ಹೋಗಿದ್ದೆವು. ಹಗಲು ಹಿತವಾದ ಬಿಸಿಲು, ಬೆಳಿಗ್ಗೆ ಸ್ವೆಟರ್ ಬೇಕು.

ದಾರಿ ತಪ್ಪುವ ಭಯ ಬೇಡ. ಮರ, ಕಂಬ, ಗೋಡೆ, ಬಂಡೆ ಎಲ್ಲದರ ಮೇಲೂ ಎರಡು ಪಟ್ಟಿ ಬಳಿದಿರುತ್ತಾರೆ: ಮೇಲೆ ಬಿಳಿ, ಕೆಳಗೆ ಕೆಂಪು. ಅದೇ ಬಣ್ಣದಲ್ಲಿ ಗುಣಾಕಾರದ ಗುರುತಿನ ಹಾಗೆ ಗೀಟು ಹಾಕಿದ್ದರೆ ಆ ಕಡೆ ಹೋಗಬಾರದು. ಹಳದಿ ಪಟ್ಟಿ ಊರಿನ ಸಣ್ಣ ದಾರಿಗಳದ್ದು, ಅದನ್ನು ಹಿಡಿದರೆ ಸುತ್ತು ಹೊಡೆದು ಅದೇ ಊರಿಗೆ ಬರುತ್ತೀರಿ. ಕಾಲು ಗಂಟೆ ನಡೆದರೂ ಪಟ್ಟಿ ಕಾಣಲಿಲ್ಲ ಅಂದರೆ ಮುಂದೆ ಹೋಗಬೇಡಿ, ಕೊನೆಗೆ ಕಂಡ ಪಟ್ಟಿಯವರೆಗೆ ಹಿಂದಕ್ಕೆ ಬನ್ನಿ. ಕಾಡಿನಲ್ಲಿ ಮಾತಾಡುತ್ತಾ ಹೋಗಿ ನಾವು ಹೀಗೆ ಎರಡು ಕಿಲೋಮೀಟರ್ ಜಾಸ್ತಿ ನಡೆದೆವು. ಕಂಪನಿ ಕೊಟ್ಟ ನಕ್ಷೆಯನ್ನು ಆ ಒಂದು ಸಲ ಬಿಟ್ಟರೆ ಹೊರಗೇ ತೆಗೆಯಲಿಲ್ಲ.

ಭಯ ಪಡಬೇಕಾದದ್ದು ಇಳಿಜಾರಿಗೆ. ಎರಡನೇ ದಿನ ಮೊನಿಸ್ಟ್ರೋಲ್ ಹತ್ತಿರ ಆಲಿಯೇ ನದಿಗೆ ಇಳಿಯಬೇಕು. ಕಲ್ಲುಕಲ್ಲು ದಾರಿ, ಕಡಿದಾದ ಇಳಿಜಾರು. ನದಿ ದಾಟಿದ ಕೂಡಲೇ ಅಷ್ಟೇ ಕಡಿದಾದ ಏರು. ಮೊಣಕಾಲು ನೋವಿರುವವರು ಕೋಲು ಇಲ್ಲದೆ ಇಳಿಯಲೇಬೇಡಿ. ನನ್ನ ಎಡಗಾಲು ಅಲ್ಲೇ ಕೈಕೊಟ್ಟಿತು. ಆದರೂ ಪ್ಯಾಕೇಜಿನಲ್ಲಿ ದಿನದ ದೂರ ಬದಲಿಸುವ ಹಾಗಿಲ್ಲ. ನಾಲ್ಕನೇ ದಿನ ಸೊವಾಜ್‌ನಿಂದ ಓಮೋಂವರೆಗೆ 28 ಕಿಲೋಮೀಟರ್ ಬರೆದಿಟ್ಟಿದ್ದರು. ಅರವತ್ತು ದಾಟಿದವರು ಅಂತ ಫಾರಮ್ಮಿನಲ್ಲಿ ನಾವೇ ತುಂಬಿ ಕಳಿಸಿದ್ದೆವು. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ.

ಆ ಬುಧವಾರದ ಬಸ್ಸಿನ ಕಥೆ ಹೇಳಲೇಬೇಕು. ಅರ್ಧ ದಾರಿಯಲ್ಲಿ ಒಂದು ಊರು ಸಿಕ್ಕಿತು. ಕಾಲು ಊದಿತ್ತು, ಉಳಿದ ದೂರ ಬಸ್ಸಿನಲ್ಲಿ ಹೋಗೋಣ ಅಂದುಕೊಂಡೆವು. ಬಸ್ ನಿಲ್ದಾಣದ ಹಾಳೆಯಲ್ಲಿ ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದು ಬಸ್ ಇತ್ತು. ಕೂತೆವು. ಮೂರು ಗಂಟೆಯಾದರೂ ಬಸ್ ಇಲ್ಲ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ ಹಾಳೆಯ ಕೆಳಗಿದ್ದ ಸಣ್ಣಕ್ಷರವನ್ನು ಬೆರಳಿಟ್ಟು ತೋರಿಸಿದರು. ಆ ಬಸ್ ಶಾಲೆ ಮಕ್ಕಳಿಗಾಗಿ. ಬುಧವಾರ ಮಧ್ಯಾಹ್ನದ ಮೇಲೆ ಅಲ್ಲಿ ಮಕ್ಕಳಿಗೆ ತರಗತಿ ಇಲ್ಲ, ಹಾಗಾಗಿ ಬಸ್ಸೂ ಇಲ್ಲ. ಇನ್ನೊಂದು ಬಸ್ ಇದೆ, ಆದರೆ ಹಿಂದಿನ ದಿನವೇ ಫೋನ್ ಮಾಡಿ ಬರುತ್ತೇವೆ ಅಂತ ಹೇಳಿದರೆ ಮಾತ್ರ ಬರುತ್ತದೆ! ನಮ್ಮೂರಲ್ಲಿ ಬಸ್ ಬರುತ್ತೋ ಇಲ್ವೋ ಅಂತ ಕಾಯುತ್ತೇವೆ. ಅಲ್ಲಿ ಕರೆದರೆ ಮಾತ್ರ ಬರುವ ಬಸ್ ಇದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಲೊಜ಼ೇರ್ ಅನ್ನುವ ಆ ಜಿಲ್ಲೆಯಲ್ಲಿ ಇಡೀ ಫ್ರಾನ್ಸಿನಲ್ಲೇ ಅತಿ ಕಡಿಮೆ ಜನ ಇದ್ದಾರೆ. ಹತ್ತುವವರಿಲ್ಲದೆ ಬಸ್ ಓಡಿಸಲು ಆಗುವುದಿಲ್ಲ, ಅದು ಸರಿ. ಆದರೆ ದುಡ್ಡು ತೆಗೆದುಕೊಂಡ ಕಂಪನಿ ಇದನ್ನು ಒಂದು ಸಾಲಿನಲ್ಲಿ ಬರೆದಿಡಬಹುದಿತ್ತು. ಹದಿನೈದು ಕಿಲೋಮೀಟರಿಗೆ ಟ್ಯಾಕ್ಸಿಗೆ 45 ಯೂರೋ ಕೊಟ್ಟೆವು.

ಇದಕ್ಕೆ ಸುಲಭದ ದಾರಿ ಇದೆ, ಆ ಅಜ್ಜಿಯೇ ಹೇಳಿದ್ದು. ಬ್ಯಾಗ್ ಸಾಗಿಸುವ ವ್ಯಾನುಗಳು ಜನರನ್ನೂ ಕೂರಿಸಿಕೊಳ್ಳುತ್ತವೆ. ಹಿಂದಿನ ಸಂಜೆಯೊಳಗೆ ಹೇಳಬೇಕು. ಕಾಲು ನೋವಿದ್ದರೆ ರಾತ್ರಿಯೇ ತೀರ್ಮಾನ ಮಾಡಿ, ಬೆಳಿಗ್ಗೆ ನೋಡೋಣ ಅಂತ ಬಿಡಬೇಡಿ.

ಈಗ ಊಟ. ಲೆ ಪುಯಿಯಲ್ಲಿ ಬೆಳೆಯುವ ಹಸಿರು ಲೆಂಟಿಲ್ ಬೇಳೆ ತುಂಬಾ ಹೆಸರುವಾಸಿ. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆದದ್ದು, ಬೇಯಿಸಿದರೂ ಕಾಳು ಒಡೆಯುವುದಿಲ್ಲ. ಬೇಳೆ ಅಂತ ಖುಷಿಯಿಂದ ತಟ್ಟೆಗೆ ಹಾಕಿಕೊಳ್ಳಬೇಡಿ, ಒಳಗೆ ಹಂದಿಮಾಂಸದ ಸಣ್ಣ ಚೂರುಗಳಿರುತ್ತವೆ. ಅದನ್ನು ಅವರು ಮಾಂಸ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಮಗಳು ನಮಗೆ ಮೂರು ಮಾತು ಬಾಯಿಪಾಠ ಮಾಡಿಸಿದ್ದಳು: ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ. ಮಾಂಸ ಬೇಡ, ಮೀನು ಬೇಡ, ಆ ಚೂರುಗಳೂ ಬೇಡ. ಬುಕ್ ಮಾಡುವಾಗಲೇ ಇದನ್ನು ಬರೆಯಿರಿ. ಬರೆದ ಕಡೆಯೆಲ್ಲ ನಮಗಾಗಿ ಬೇರೆ ಅಡುಗೆ ಮಾಡಿದ್ದರು. ಪ್ಯಾಕೇಜಿನ ಐದು ರಾತ್ರಿಯಲ್ಲಿ ಮೂರು ಕಡೆಗೆ ಈ ವಿಷಯ ತಲುಪಿರಲೇ ಇಲ್ಲ. ಬ್ರೆಡ್ಡು, ಸಲಾಡ್ ತಿಂದು ಮಲಗಿದೆವು. ತುಂಬಾ ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಅಲ್ಲಿಯ ಸಾಂಪ್ರದಾಯಿಕ ಚೀಸುಗಳನ್ನು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ತಿನ್ನುವುದು ಬಿಡುವುದು ನಿಮ್ಮ ಇಷ್ಟ.

ಇನ್ನು ಅಲಿಗೋ ಅನ್ನುವ ಅಲ್ಲಿಯ ತಿನಿಸು. ಓಬ್ರಾಕ್ ಅನ್ನುವುದು ಸಾವಿರ ಮೀಟರಿಗಿಂತ ಎತ್ತರದ ಬಯಲು. ಮರ ಕಡಿಮೆ, ಬರೀ ಹುಲ್ಲು, ಕಲ್ಲಿನ ಬೇಲಿ, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗಿರುವ ಕಂದು ಹಸುಗಳು. ಓಮೋಂನಿಂದ ನಾಸ್ಬಿನಾಲ್ ಕಡೆ ಹೋಗುವಾಗ ಒಂದು ಹಳ್ಳಿಯಲ್ಲಿ ಮನೆಯ ಮುಂಭಾಗದಲ್ಲೇ ಆರು ಮೇಜು ಹಾಕಿದ್ದ ಹೋಟೆಲ್ ಸಿಕ್ಕಿತು. ಬೋರ್ಡ್ ಕೂಡ ಸರಿಯಾಗಿ ಕಾಣದು. ಒಳಗೆ ಒಬ್ಬ ಅಮ್ಮ ದೊಡ್ಡ ಪಾತ್ರೆಯ ಮುಂದೆ ನಿಂತು ಮರದ ಕೋಲಿನಿಂದ ಏನನ್ನೋ ತಿರುವುತ್ತಿದ್ದರು. ನಮ್ಮಜ್ಜಿ ಮುದ್ದೆ ತೊಳಸುವಾಗ ಮೈಬಗ್ಗಿಸುತ್ತಿದ್ದ ರೀತಿಯೇ ಅದು. ಬೆಂದ ಆಲೂಗಡ್ಡೆಯನ್ನು ನುಣ್ಣಗೆ ಮಸೆದು, ಬೆಣ್ಣೆ, ಕೆನೆ, ಬೆಳ್ಳುಳ್ಳಿ ಸೇರಿಸಿ, ಮೇಲೆ ಇನ್ನೂ ಹಣ್ಣಾಗದ ಎಳೇ ಚೀಸ್ ಹಾಕಿ ತಿರುವುತ್ತಾರೆ. ಕೋಲು ಎತ್ತಿದರೆ ಮೊಳದುದ್ದ ಎಳೆ ಬರಬೇಕು, ಅಲ್ಲಿಯವರೆಗೂ ನಿಲ್ಲಿಸುವ ಹಾಗಿಲ್ಲ. ಹಿಂದೆ ಓಬ್ರಾಕಿನ ಮಠದವರು ಯಾತ್ರಿಕರಿಗೆ ಬ್ರೆಡ್ಡು, ಚೀಸ್ ಕಲಸಿ ಕೊಡುತ್ತಿದ್ದರಂತೆ, ಆಲೂಗಡ್ಡೆ ಆಮೇಲೆ ಸೇರಿದ್ದಂತೆ.

ಇದರ ಜೊತೆ ಸಾಸೇಜ್ ಕೊಡುವುದು ರೂಢಿ. ನಮಗೆ ಬೇಡ ಅಂದಾಗ ಆ ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅಲಿಗೋವನ್ನೇ ಇನ್ನೊಂದು ಸೌಟು ಬಡಿಸಿದರು. ಪಕ್ಕದಲ್ಲಿ ಅಕ್ರೋಟ್ ಹಾಕಿದ ಸೊಪ್ಪಿನ ಸಲಾಡ್. ಕೊನೆಗೆ ಮನೆಯಲ್ಲೇ ಮಾಡಿದ ಸೇಬಿನ ಟಾರ್ಟ್. ಎಲ್ಲ ಸೇರಿ ಒಬ್ಬರಿಗೆ 14 ಯೂರೋ. ಬಿಸಿಯಾಗಿರುವಾಗಲೇ ತಿನ್ನಬೇಕು, ಆರಿದರೆ ಬಿಗಿಯುತ್ತದೆ. ಬೆಳ್ಳುಳ್ಳಿಯ ಘಾಟು, ಎಳೇ ಚೀಸಿನ ಸಣ್ಣ ಹುಳಿ, ನಾಲಿಗೆಯ ಮೇಲೆ ಬೆಣ್ಣೆಯ ಜಾರು. ಊರು ಬಿಟ್ಟು ಎಂಟು ದಿನ ಆದ ಮೇಲೆ ಹೊಟ್ಟೆ ತುಂಬಿತು ಅಂತ ಅನ್ನಿಸಿದ ಊಟ ಅದೊಂದೇ. ನಾವು ಒಂದೂಕಾಲಿಗೆ ತಲುಪಿದೆವು. ಎರಡು ಗಂಟೆಗೆ ಬಂದ ನಾಲ್ವರನ್ನು ಅಡುಗೆ ಮುಗಿಯಿತು ಅಂತ ವಾಪಸ್ ಕಳಿಸಿದರು. ಹಳ್ಳಿಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಒಂದೂವರೆ, ಅಷ್ಟೇ. ಅಂಗಡಿಗಳೂ ಆಗ ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನ, ಸೋಮವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ. ಬ್ಯಾಗಿನಲ್ಲಿ ಬ್ರೆಡ್ಡು, ಹಣ್ಣು ಯಾವಾಗಲೂ ಇರಲಿ. ನೀರಿಗೆ ಸ್ಮಶಾನ ಹುಡುಕಿ. ಹೆದರಬೇಡಿ, ಅಲ್ಲಿಯ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ಕುಡಿಯಬಾರದು ಅಂತ ಫಲಕ ಇದೆಯಾ ನೋಡಿಕೊಂಡು ಹಿಡಿಯಿರಿ.

ನಾವೇ ಹಿಡಿದ ರಾತ್ರಿಗಳಲ್ಲಿ ಹೆಚ್ಚಿನವು ಝೀಟ್ ಅನ್ನುವ ನಡೆಯುವವರ ಮನೆಗಳಲ್ಲಿ. ನಾಸ್ಬಿನಾಲ್‌ನಲ್ಲಿ ಆರು ಜನ ಮಲಗುವ ಕೋಣೆ, ಊಟ ತಿಂಡಿ ಸೇರಿ ಒಬ್ಬರಿಗೆ 44 ಯೂರೋ. ಅಪರಿಚಿತರ ಜೊತೆ ಮಲಗುವುದಾ ಅಂತ ನಮ್ಮವರು ಮೊದಲು ಹಿಂಜರಿದರು. ಮದುವೆ ಮನೆಗಳಲ್ಲಿ ಛತ್ರದ ಹಾಲಿನಲ್ಲಿ ಸಾಲಾಗಿ ಜಮಖಾನ ಹಾಸಿ ಮಲಗಿ ಬೆಳೆದವರು ನಾವು, ಇದೇನು ಮಹಾ ಅಂತ ನಾನೇ ಧೈರ್ಯ ಹೇಳಿದೆ. ಗೊರಕೆಗೆ ಕಿವಿಯ ಹತ್ತಿ ಬೇಕು, ಅದು ನಿಜ. ಶೂ ಮತ್ತು ಬ್ಯಾಗನ್ನು ಕೋಣೆಯೊಳಗೆ ತರಬೇಡಿ ಅಂತ ಹೇಳುತ್ತಾರೆ. ತಿಗಣೆ ಬರಬಾರದು ಅಂತ ಹಾಗೆ ಮಾಡುತ್ತಾರೆ, ಬೇಸರ ಪಡಬೇಡಿ. ರಾತ್ರಿ ಏಳಕ್ಕೆ ಎಲ್ಲರೂ ಒಂದೇ ಉದ್ದ ಮೇಜಿಗೆ. ನಮ್ಮ ಹಾಗೆ ಕಂಪನಿಗೆ ಹೆಚ್ಚು ದುಡ್ಡು ಕಟ್ಟಿದವರು ಎಷ್ಟು ಜನ ಇದ್ದಾರೆ ಅನ್ನುವುದು ನನಗೆ ಗೊತ್ತಾದದ್ದು ಆ ಮೇಜಿನಲ್ಲೇ. ಕೆಲವು ಮನೆಗಳಲ್ಲಿ ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಎಲ್ಲ ಹಳ್ಳಿಯಲ್ಲೂ ಎಟಿಎಂ ಇಲ್ಲ. ನೋಟು ಇಟ್ಟುಕೊಳ್ಳಿ. ಬರಲು ಆಗದಿದ್ದರೆ ದಯವಿಟ್ಟು ತಿಳಿಸಿ. ಅವರು ನಿಮಗಾಗಿ ಅಡುಗೆ ಮಾಡಿ ಕಾಯುತ್ತಿರುತ್ತಾರೆ.

ಹಾಗಾದರೆ ಪ್ಯಾಕೇಜ್ ಯಾರಿಗೂ ಬೇಡವಾ? ಮೇಲ್ ಬರೆಯಲು ಪುರುಸೊತ್ತೇ ಇಲ್ಲದವರಿಗೆ, ಸ್ವಂತ ಬಾತ್‌ರೂಮ್ ಇಲ್ಲದೆ ಆಗುವುದಿಲ್ಲ ಅನ್ನುವವರಿಗೆ ಇರಲಿ. ಆದರೆ ವೀಸಾಕ್ಕೆ ಉಳಿಯುವ ಜಾಗದ ಪುರಾವೆ ಬೇಕು ಅಂತ ಹೆದರಿ ತೆಗೆದುಕೊಳ್ಳಬೇಡಿ. ನಾವೇ ಹಿಡಿದ ರಾತ್ರಿಗಳಿಗೆ ಮನೆಯವರು ಕಳಿಸಿದ ಮೇಲ್‌ಗಳನ್ನೇ ಪ್ರಿಂಟ್ ತೆಗೆದು ಅರ್ಜಿ ಜೊತೆ ಇಟ್ಟಿದ್ದೆವು, ಯಾರೂ ತಕರಾರು ಮಾಡಲಿಲ್ಲ.

ಬುಕ್ ಮಾಡುವಾಗ ಕೋಂಕ್‌ನಿಂದ ಹಿಂದಕ್ಕೆ ಹಿಡಿಯುತ್ತಾ ಬನ್ನಿ. ಅದು ಕಣಿವೆಯ ಸಣ್ಣ ಊರು, ಹಾಸಿಗೆ ಕಡಿಮೆ, ರೈಲು ಇಲ್ಲ. ವಾಪಸ್ ಹೋಗುವ ವ್ಯಾನಿನ ಸೀಟನ್ನೂ ಅದರ ಜೊತೆಗೇ ಹೇಳಿಬಿಡಿ. ಅಲ್ಲಿಯ ಹಳೇ ಮಠದಲ್ಲೇ ಯಾತ್ರಿಕರಿಗೆ ಉಳಿಯಲು ಜಾಗ ಇದೆ, ನಾವು ಅಲ್ಲಿದ್ದೆವು. ಚರ್ಚಿನ ಕಿಟಕಿಗಳನ್ನು ತಪ್ಪದೆ ನೋಡಿ. 104 ಕಿಟಕಿ, ಒಂದಕ್ಕೂ ಬಣ್ಣ ಇಲ್ಲ. ಹತ್ತಿರದ ರೊಡೆಜ಼್‌ನಲ್ಲಿ ಹುಟ್ಟಿದ ಪಿಯೆರ್ ಸೂಲಾಜ್ ಅನ್ನುವ ಕಲಾವಿದ ಮಾಡಿದ್ದು, 1994ರಲ್ಲಿ ಕೂರಿಸಿದ್ದು. ಮಧ್ಯಾಹ್ನ ತಲುಪಿದಾಗ ನೋಡಿದರೆ ಹಾಲಿನ ಬಿಳುಪು. ಊಟ ಮುಗಿಸಿ ಮತ್ತೆ ಹೋಗಿ. ಜೂನಿನಲ್ಲಿ ಒಂಬತ್ತಕ್ಕೂ ಬೆಳಕಿರುತ್ತದೆ. ಆಗ ಅದೇ ಗಾಜು ಒಂದು ಕಡೆ ನೀಲಿ, ಒಂದು ಕಡೆ ಕಿತ್ತಳೆ. ಒಬ್ಬರು ಆರ್ಗನ್ ನುಡಿಸುತ್ತಿದ್ದರು. ಕೆಲವು ಯೂರೋ ಕೊಟ್ಟರೆ ಮೇಲಿನ ಪಡಸಾಲೆಗೆ ಹತ್ತಲು ಬಿಡುತ್ತಾರೆ. ಮೊಣಕಾಲು ನೋವಿನಲ್ಲೂ ನಾನು ಹತ್ತಿದೆ.