"ಓದ್ತಿದ್ದೆ ಅಂತ ಸಿಸ್ಟಮ್ ಹೇಳ್ತಿಲ್ವಲ್ಲ?"

"ಐಡಲ್ ಟೈಮ್ ಇಷ್ಟೊಂದು ಬಂದಿದೆಯಲ್ಲಮ್ಮಾ, ಏನ್ ಮಾಡ್ತಿದ್ರಿ?"

"ಫೈಲ್ ಓದ್ತಿದ್ದೆ ಸರ್."

"ಓದ್ತಿದ್ದೆ ಅಂತ ಸಿಸ್ಟಮ್ ಹೇಳ್ತಿಲ್ವಲ್ಲ?"

ಸೋಮವಾರದ ಮೀಟಿಂಗಿನಲ್ಲಿ ಕೇಳಿದ ಈ ಮಾತು ವಾರವಿಡೀ ತಲೆಯಲ್ಲಿ ಕೊರೀತಾ ಇದೆ. ಕೇಳಿದವರು ನಮ್ಮ ಮ್ಯಾನೇಜರ್. ಉತ್ತರ ಕೊಟ್ಟವಳು ಟೀಮಿಗೆ ಹೊಸದಾಗಿ ಸೇರಿದ ಹುಡುಗಿ, ದಾವಣಗೆರೆಯ ಮನೆಯಿಂದ ಕೆಲಸ ಮಾಡುವವಳು. ಯಾರು ಎಷ್ಟು ಹೊತ್ತು ಕೆಲಸ ಮಾಡಿದರು ಅಂತ ನಮ್ಮ ಕಂಪ್ಯೂಟರುಗಳಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರಿನ ರಿಪೋರ್ಟನ್ನು ಸ್ಕ್ರೀನಿನಲ್ಲಿ ಶೇರ್ ಮಾಡಿದ್ದರು. ಅದರಲ್ಲಿ ಎಲ್ಲರ ಹೆಸರಿನ ಮುಂದೆ ಹಸಿರು, ಬೂದು ಪಟ್ಟಿಗಳು. ಹಸಿರು ಅಂದ್ರೆ ಆಕ್ಟಿವ್, ಬೂದು ಅಂದ್ರೆ ಐಡಲ್, ಸುಮ್ಮನೆ ಕೂತ ಹೊತ್ತು. ಅವಳ ಸಾಲಿನಲ್ಲಿ ಬೂದು ಜಾಸ್ತಿ. ಆ ಪ್ರಶ್ನೆಗೆ ಅವಳು ಏನು ಹೇಳಬೇಕಿತ್ತು? ಸುಮ್ಮನಾದಳು. "ಸರ್, ಆ ಫೈಲ್ ನಾನೂ ನೋಡಿದ್ದೀನಿ, ಅದು ಟೈಮ್ ತಗೊಳ್ಳೋ ಕೇಸೇ" ಅಂತ ನಾನು ನಡುವೆ ಬಾಯಿ ಹಾಕಿದೆ. "ಅದು ಆಮೇಲೆ ಮಾತಾಡೋಣ ಮೇಡಂ" ಅಂತ ಮುಂದಿನ ಹೆಸರಿಗೆ ಹೋದರು.

ನಮ್ಮದು ಆರೋಗ್ಯ ವಿಮೆಯ ಕ್ಲೇಮ್ ನೋಡುವ ಕೆಲಸ. ಆಸ್ಪತ್ರೆಯವರು ಕಳಿಸಿದ ಕಾಗದ ಪತ್ರ ಓದಿ, ಹಣ ಕೊಡಬಹುದಾ ಇಲ್ಲವಾ ಅಂತ ಬರೀಬೇಕು. ಅವಳ ಮುಂದಿದ್ದದ್ದು ಆಟೋ ಓಡಿಸುವವರೊಬ್ಬರ ಫೈಲ್. ಕಾಲಿನ ಗಾಯ ಕೀವಾಗಿ ಅಡ್ಮಿಟ್ ಆಗಿದ್ದರು. ಸಕ್ಕರೆ ಕಾಯಿಲೆ ಇತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ '10 ವರ್ಷದಿಂದ' ಅಂತ ಟೈಪ್ ಆಗಿತ್ತು. ಪಾಲಿಸಿ ತಗೊಂಡು ಆಗಿದ್ದು ಎರಡೇ ವರ್ಷ. ಅಂದ್ರೆ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ ಅನ್ನೋ ಲೆಕ್ಕ. ಅವಸರದಲ್ಲಿ ಇರುವವರು ಅಲ್ಲಿಗೇ ರಿಜೆಕ್ಟ್ ಬರೆದು ಮುಗಿಸುತ್ತಾರೆ.

ಅವಳು ಹಾಗೆ ಮಾಡಲಿಲ್ಲ. ಅಡ್ಮಿಷನ್ ದಿನ ಡ್ಯೂಟಿ ಡಾಕ್ಟರ್ ಕೈಯಲ್ಲಿ ಬರೆದ ಕೇಸ್ ಶೀಟ್ ತೆಗೆದಳು. ಹತ್ತು ಅನ್ನೋದು ಸರಿಯಾಗಿಯೇ ಕಾಣುತ್ತೆ. ಅದರ ಮುಂದೆ ಒಂದು ಗೀಚು, ಬಾಲ ಎಳೆದ ಅಕ್ಷರ. ವರ್ಷ ಅಂದ್ರೆ ವರ್ಷ, ತಿಂಗಳು ಅಂದ್ರೆ ತಿಂಗಳು. ಸ್ಕ್ಯಾನ್ ಬೇರೆ ಮಸುಕು. ದೊಡ್ಡದು ಮಾಡಿ, ಅದೇ ಡಾಕ್ಟರ್ ಬೇರೆ ಹಾಳೆಗಳಲ್ಲಿ 'ವರ್ಷ' ಅಂತ ಹೇಗೆ ಬರೀತಾರೆ ಅಂತ ಹೋಲಿಸಿ ನೋಡಿದ್ದಾಳೆ. ಕೊನೆಯ ಹಾಳೆಗಳಲ್ಲಿ ಒಂದು ಹಳೇ ರಕ್ತಪರೀಕ್ಷೆ ಸಿಕ್ಕಿದೆ. ಪಾಲಿಸಿಗೂ ಸ್ವಲ್ಪ ಮುಂಚಿನದು. ಖಾಲಿ ಹೊಟ್ಟೆಯ ಸಕ್ಕರೆ 92, ಅಂದ್ರೆ ನಾರ್ಮಲ್. ಹತ್ತು ವರ್ಷದ ಕಾಯಿಲೆ ಅಂದ್ರೆ ಅದು ಹೊಂದೋದಿಲ್ಲ. ತಾರೀಖುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಫೋನ್ ಹಚ್ಚಿದ್ದಾಳೆ. ಅವರು ಹೋಲ್ಡ್‌ನಲ್ಲಿ ಇಟ್ಟಷ್ಟು ಹೊತ್ತೂ ಕಾದಿದ್ದಾಳೆ. ಕಡೆಗೆ ಡಾಕ್ಟರ ಸಹಿಯ ಪತ್ರ ಬಂತು: 10 ತಿಂಗಳು, ಟೈಪಿಂಗ್ ತಪ್ಪು. ಕ್ಲೇಮ್ ಪಾಸಾಯ್ತು.

ಇಷ್ಟೂ ಕೆಲಸ ರಿಪೋರ್ಟಿನಲ್ಲಿ ಹೆಚ್ಚುಕಮ್ಮಿ ಬೂದು ಬಣ್ಣ!

ಯಾಕೆ ಅಂತ ನೋಡಿದರೆ ವಿಷಯ ಸರಳ. ಕೊನೆಯ ಸಲ ಕೀಬೋರ್ಡ್ ಅಥವಾ ಮೌಸ್ ಅಲುಗಿದ್ದು ಯಾವಾಗ ಅಂತ ವಿಂಡೋಸ್ ಗುರುತಿಟ್ಟುಕೊಂಡಿರುತ್ತದೆ. ಈ ಸಾಫ್ಟ್‌ವೇರ್ ಅದನ್ನು ಆಗಾಗ ಕೇಳುತ್ತಾ ಇರುತ್ತದೆ. ನಮ್ಮಲ್ಲಿ ಐದು ನಿಮಿಷದ ಗಡಿ. ಅದು ದಾಟಿದರೆ ಐಡಲ್. ಕಣ್ಣು ಏನು ಓದ್ತಿದೆ, ಕಿವಿ ಯಾರ ಮಾತು ಕೇಳ್ತಿದೆ, ಪೆನ್ನು ಏನು ಬರೀತಿದೆ, ಯಾವುದೂ ಅದಕ್ಕೆ ಬೇಡ. ಕೈ ಅಲುಗಿತಾ ಇಲ್ಲವಾ, ಅಷ್ಟೇ. ಅಳೆಯೋದು ಅದನ್ನು, ಹೆಸರಿಡೋದು 'ಕೆಲಸ' ಅಂತ. ನನ್ನ ತಕರಾರು ಇಲ್ಲೇ ಇರೋದು.

ಈ ಲೆಕ್ಕವೇ ಬೇಡ ಅಂತ ನಾನು ಹೇಳೋದಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಆಕ್ಟಿವಿಟಿವಾಚ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಅದೂ ಹೀಗೇ ಗುರುತಿಸುತ್ತೆ, ಮಾಹಿತಿ ಮಾತ್ರ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತೆ. ರಾತ್ರಿ ಎಷ್ಟು ಹೊತ್ತು ಸುಮ್ನೆ ವಿಡಿಯೋ ನೋಡಿದೆ ಅಂತ ಗೊತ್ತಾಗುತ್ತೆ. ಖಾಲಿ ಜಾಗ ಕಂಡರೆ, ಆಗ ಅಮ್ಮನ ಜೊತೆ ಮಾತಾಡ್ತಿದ್ದೆ ಅಂತ ನನಗೆ ನೆನಪಿರುತ್ತೆ. ಅದೇ ಅಂಕಿ ಇನ್ನೊಬ್ಬರ ಕೈಗೆ ಹೋದಾಗ ಆ ನೆನಪು ಜೊತೆಗೆ ಹೋಗೋದಿಲ್ಲ.

ಮ್ಯಾನೇಜರ್ ಕೆಟ್ಟವರಲ್ಲ, ಇದನ್ನೂ ಹೇಳಬೇಕು. ನಮ್ಮ ಟೀಮಿನ ಒಬ್ಬರ ತಂದೆ ಐಸಿಯುನಲ್ಲಿದ್ದಾಗ ಒಂದು ಮಾತೂ ಕೇಳದೆ ರಜೆ ಕೊಟ್ಟವರು. ಅವರಿಗೂ ಮೇಲಿನವರು ಇದೇ ಪಟ್ಟಿ ತೋರಿಸಿ ಇದೇ ಪ್ರಶ್ನೆ ಕೇಳ್ತಾರೆ. ಆದರೆ ಈ ಕುರ್ಚಿಗೆ ಬರುವ ಮುಂಚೆ ಅವರೂ ವರ್ಷಗಟ್ಟಲೆ ಇಂಥದೇ ಫೈಲ್ ಓದಿದವರು. ಗೀಚು ಅಕ್ಷರ ಬಿಡಿಸೋಕೆ ಎಷ್ಟು ಹೊತ್ತು ಬೇಕು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ "ಸಿಸ್ಟಮ್ ಹೇಳ್ತಿಲ್ವಲ್ಲ" ಅಂದರಲ್ಲ, ಅದು ನನಗೆ ತುಂಬಾ ನೋವು ಕೊಟ್ಟಿತು. ಅದೇ ಪಟ್ಟಿಯಲ್ಲಿ ಪೂರ್ತಿ ಹಸಿರು ಇದ್ದವನನ್ನು ಎಲ್ಲರೆದುರು ಹೊಗಳಿದರು. ಅವನ ಫೈಲುಗಳು ಎಷ್ಟು ಸಲ ತಿದ್ದುಪಡಿಗೆ ವಾಪಸ್ ಬರ್ತವೆ ಅನ್ನೋದು ಟೀಮಿಗೆಲ್ಲ ಗೊತ್ತು.

ಜನ ಇದಕ್ಕೆ ದಾರಿ ಹುಡುಕಿಕೊಳ್ಳದೆ ಇರ್ತಾರಾ? ಮೌಸನ್ನು ತಾನಾಗಿ ಅಲುಗಿಸುವ ಜಿಗ್ಲರ್ ಅನ್ನೋ ಪುಟ್ಟ ಸಾಧನ ಆನ್‌ಲೈನಿನಲ್ಲೇ ಸಿಗುತ್ತೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ 2024ರಲ್ಲಿ ಹತ್ತಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿದ್ದು, ಕೀಬೋರ್ಡ್ ಕೆಲಸ ನಡೀತಿದೆ ಅಂತ ತೋರಿಕೆ ಮಾಡಿದ್ದಕ್ಕೆ. ಮೋಸ ಮೋಸವೇ. ಆದರೆ ಕೈ ಅಲುಗಿಸಿದ್ದಕ್ಕೆ ಮಾತ್ರ ಬೆಲೆ ಕೊಟ್ಟರೆ, ಕೈ ಅಲುಗಿಸೋದನ್ನೇ ಜನ ಕಲೀತಾರೆ.

ಫ್ರಾನ್ಸಿನಲ್ಲಿ ಇದೇ ವಿಷಯ ದಂಡದವರೆಗೆ ಹೋಯಿತು. 3ರಿಂದ 15 ನಿಮಿಷ ಕೀಬೋರ್ಡ್, ಮೌಸ್ ಅಲುಗದಿದ್ದರೆ 'ನಿಷ್ಕ್ರಿಯ' ಅಂತ ಲೆಕ್ಕ ಹಾಕುತ್ತಿದ್ದ ಒಂದು ರಿಯಲ್ ಎಸ್ಟೇಟ್ ಕಂಪನಿಗೆ ಅಲ್ಲಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2024ರ ಡಿಸೆಂಬರಿನಲ್ಲಿ 40,000 ಯೂರೋ ದಂಡ ಹಾಕಿತು. ಕಂಪ್ಯೂಟರ್ ಮುಟ್ಟದ ಹೊತ್ತಿನಲ್ಲಿ ನೌಕರರು ಮೀಟಿಂಗಿನಲ್ಲೋ ಫೋನಿನಲ್ಲೋ ಇರಬಹುದು, ಅದೂ ಕೆಲಸವೇ ಅಂತ ಆ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಬಂದಿದೆ. ಆದರೆ ಉದ್ಯೋಗದ ಉದ್ದೇಶಕ್ಕೆ ಮಾಹಿತಿ ಬಳಸೋಕೆ ನೌಕರರ ಒಪ್ಪಿಗೆ ಬೇಕಿಲ್ಲ ಅಂತ ಅದರಲ್ಲೇ ಅವಕಾಶ ಇದೆ. ಹಾಗಾಗಿ ನಮ್ಮ ಮಾತು ನಾವೇ ಆಡಬೇಕು.

ಬುಧವಾರ ಆ ಹುಡುಗಿ ಫೋನ್ ಮಾಡಿದ್ದಳು. "ಅಕ್ಕಾ, ಈಗ ಓದುವಾಗ ಒಂದು ಕೈ ಮೌಸ್ ಮೇಲೇ ಇಟ್ಟಿರ್ತೀನಿ, ಅಲುಗಿಸ್ತಾನೇ ಇರ್ತೀನಿ. ಆದ್ರೆ ಅರ್ಧ ಗಮನ ಅಲ್ಲೇ ಹೋಗುತ್ತೆ" ಅಂದಳು. ಗೀಚಿದ ಒಂದು ಅಕ್ಷರದಲ್ಲಿ ಯಾರದೋ ಆಸ್ಪತ್ರೆ ಬಿಲ್ಲು ಸಿಕ್ಕಿಕೊಂಡಿರುತ್ತೆ. ಓದುವವಳ ಅರ್ಧ ಗಮನ ಮೌಸ್ ಮೇಲಿದ್ದರೆ ಅದಕ್ಕೆ ಹೊಣೆ ಯಾರು?

ನಿನ್ನೆ ಮ್ಯಾನೇಜರಿಗೆ ಮೇಲ್ ಬರೆದಿದ್ದೇನೆ. ಫೋನ್ ಮಾಡಿದ ಹೊತ್ತು, ಕೈಬರಹದ ದಾಖಲೆ ಓದಿದ ಹೊತ್ತು ನಾವೇ ಬರೆದು ಸೇರಿಸೋಕೆ ರಿಪೋರ್ಟಿನಲ್ಲಿ ಜಾಗ ಬೇಕು. ವಾಪಸ್ ಬಂದ ಫೈಲುಗಳ ಲೆಕ್ಕವನ್ನೂ ಪಕ್ಕದಲ್ಲೇ ತೋರಿಸಬೇಕು. ಐಡಲ್ ಬಗ್ಗೆ ಕೇಳೋದಿದ್ದರೆ ಎಲ್ಲರೆದುರು ಬೇಡ, ಒಬ್ಬೊಬ್ಬರನ್ನೇ ಕರೆದು ಕೇಳಬೇಕು. ಆಟೋದವರ ಫೈಲ್ ನಂಬರನ್ನೂ ಅದರಲ್ಲಿ ಹಾಕಿದ್ದೇನೆ, ತೆರೆದು ನೋಡಲಿ ಅಂತ. ಉತ್ತರ ಬರದಿದ್ದರೆ ಸೋಮವಾರ ಮೀಟಿಂಗಿನಲ್ಲೇ ಕೇಳುತ್ತೇನೆ.