ನೀರು ಹೋಗಿ ಊ2ಔ ಆಯಿತು

ಪಾವಗಡ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ಕಳೆದ ಗುರುವಾರ ಜಿಯೋಜಿಬ್ರಾ ಅನ್ನೋ ಗಣಿತದ ಆ್ಯಪ್ ಕಲಿಸೋಕೆ ಅಂತ ಹೋಗಿದ್ದೆ. ಮೇಷ್ಟ್ರುಗಳಿಗೆ ಕಂಪ್ಯೂಟರ್, ಆ್ಯಪ್ ಹೇಳಿಕೊಡುವುದೇ ನನ್ನ ಕೆಲಸ. ಪ್ರೊಜೆಕ್ಟರ್ ಜೋಡಿಸುವ ಮೊದಲೇ ವಿಜ್ಞಾನದ ಮೇಷ್ಟ್ರು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ಮೇಡಂ, ಅದೆಲ್ಲ ಆಮೇಲೆ. ಮೊದಲು ಇದನ್ನ ನೋಡಿ."

2007ರಿಂದ ಅವರೇ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು. ಎಲ್ಲ 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ. ಸ್ಟಾಫ್ ರೂಮಿನ ಹಳೇ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಮೊಬೈಲಿಗೆ ಕಳಿಸಿದರೆ 'ಕನ್ನಡ' ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ಪೌಂಡ್ ಗುರುತು, ತಲೆ ಮೇಲೆ ಗೀಟಿರುವ ಎ. ವೈರಸ್ ಹೊಕ್ಕಿದೆ ಅಂತ ಯಾರೋ ಹೆದರಿಸಿದ್ದರಂತೆ.

ವೈರಸ್ ಅಲ್ಲ. ಆ ಫೈಲಿನ ಒಳಗೆ ಇರುವುದೇ ಇಂಗ್ಲಿಷ್ ಅಕ್ಷರ, ಗುರುತುಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಫಾಂಟ್ ಇಲ್ಲದ ಕಡೆ ಬಣ್ಣ ಅಳಿಸಿಹೋಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಅದರಲ್ಲಿ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಇರುತ್ತದೆ; ಎಲ್ಲಿಗೆ ಹೋದರೂ ಕ ಅಂದರೆ ಕ.

ಒಂದು ಪತ್ರಿಕೆಯನ್ನು ಕಾಪಿ ಮಾಡಿ, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಇದೇನು ಮೇಡಂ, ನೀರಿನ ಅಣುಸೂತ್ರ ಊ2ಔ?"

ಇಬ್ಬರೂ ನಕ್ಕೆವು. ನುಡಿಯಲ್ಲಿ ಎಚ್ ಜಾಗದಲ್ಲಿ ಊ ಕೂತಿದೆ, ಓ ಜಾಗದಲ್ಲಿ ಔ. ಸುಮ್ನೆ ಕಾಪಿ ಮಾಡಿದ್ದರಿಂದ ಫಾಂಟಿನ ಗುರುತು ಬಿಟ್ಟುಹೋಗಿ, ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಅನ್ನೋದು ಕನ್ವರ್ಟರಿಗೆ ಗೊತ್ತಾಗಲಿಲ್ಲ. ತಪ್ಪು ನನ್ನದೇ. ಆಮೇಲೆ ಸೂತ್ರಗಳನ್ನೆಲ್ಲ ಕೈಯಲ್ಲೇ ತಿದ್ದುತ್ತಾ ಕೂತೆವು. ಕನ್ವರ್ಟರಿನಲ್ಲಿ ಜಾಗ ತಪ್ಪಿರಬಹುದು ಅಂತ ಅರ್ಕಾವೊತ್ತುಗಳನ್ನೂ ಒಂದೊಂದಾಗಿ ನೋಡಿದೆವು.

"ಇನ್ಮೇಲೆ ಟೈಪಿಂಗ್ ಹೊಸದಾಗಿ ಕಲೀಬೇಕಾ?" ಅವರ ನಿಜವಾದ ಚಿಂತೆ ಅದು. ಬೇಡ, ನುಡಿಯಲ್ಲಿ ನೀವು ಬಳಸೋ, ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆಯಲ್ಲಿ ಯೂನಿಕೋಡೂ ಬರುತ್ತೆ ಅಂತ ತೋರಿಸಿದೆ. ನೋಡದೆಯೇ 'ದ್ಯುತಿಸಂಶ್ಲೇಷಣೆ' ಕುಟ್ಟಿ ಮೊಬೈಲಿಗೆ ಕಳಿಸಿಕೊಂಡರು. ಸರಿಯಾಗಿ ಬಂತು. ಮೇಷ್ಟ್ರುಗಳಿಗೆ ಕಂಪ್ಯೂಟರ್ ಅಂದರೆ ಭಯ ಅಂತ ನಮ್ಮ ಮೀಟಿಂಗುಗಳಲ್ಲಿ ಹೇಳುವವರನ್ನು ಆಗ ಅಲ್ಲಿ ಕೂರಿಸಬೇಕಿತ್ತು.

2011ರ ಫೋಲ್ಡರಿಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಉಳಿದದ್ದು ಮುಂದಿನ ಗುರುವಾರ. ಜಿಯೋಜಿಬ್ರಾ ಅದರ ಮುಂದಿನ ಗುರುವಾರ.