ಎಐ ಮಾಡಿದ ಬ್ಲೂಸ್‌ನಲ್ಲಿ ನಿನ್ನದೇನಿದೆ?

ಎಐ ಟೂಲ್‌ಗಳಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನ ಹುಟ್ಟಿಸಿದ ಶೈಲಿಯ ಹಾಡು, ಮಾಡ್ತೀನಿ ಅಂತ ಹೇಳಿದ ತಕ್ಷಣ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ. "ಎರಡು ಸಾಲು ಟೈಪ್ ಮಾಡಿದರೆ ಟೂಲೇ ಹಾಡು ಕಟ್ಟಿ ಕೊಡುತ್ತೆ, ಅದರಲ್ಲಿ ನಿನ್ನದೇನಿದೆ?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಗಿಟಾರ್ ನುಡಿಸುವ ಗೆಳೆಯರು ಕೇಳುವಾಗ ಸಿಟ್ಟು ಜಾಸ್ತಿ ಇರುತ್ತೆ. ವರ್ಷಗಟ್ಟಲೆ ಬೆರಳು ಸವೆಸಿದವರು ಅವರು. ಹಾಗಾಗಿ ಈ ಪ್ರಶ್ನೆಗೆ ನಿಂತಲ್ಲೇ ಒಂದು ಮಾತು ಹೇಳಿ ಹೋಗುವುದು ನನಗೆ ಇಷ್ಟವಿಲ್ಲ. ಕೂತು ಬರೆಯುತ್ತಿದ್ದೇನೆ.

ಟೈಪ್ ಮಾಡಿದೆ, ಹಾಡು ಬಂತು, ಹಾಗೇ ಇಟ್ಟುಕೊಂಡೆ ಅಂದರೆ ನನ್ನದು ಏನೂ ಇಲ್ಲ. ಕಾನೂನೂ ಹೆಚ್ಚುಕಡಿಮೆ ಹಾಗೇ ಹೇಳುತ್ತೆ. ಅಮೆರಿಕದ ಕಾಪಿರೈಟ್ ಆಫೀಸು 2025ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ, ಬರೀ ಪ್ರಾಂಪ್ಟ್ (ಟೂಲ್‌ಗೆ ಬರೆದುಕೊಡುವ ಸೂಚನೆ) ಕೊಟ್ಟವರು ಬಂದ ಕೃತಿಯ ಕರ್ತೃ ಆಗುವುದಿಲ್ಲ ಅಂತ ಹೇಳಿದೆ. ಮನುಷ್ಯ ಬರೆದ ಪದಗಳು, ಮನುಷ್ಯ ಮಾಡಿದ ಜೋಡಣೆ, ತಿದ್ದುಪಡಿ, ಇವುಗಳಿಗೆ ಹಕ್ಕು ಸಿಗಬಹುದು. ನನಗೂ ಇದು ಸರಿ ಅನ್ನಿಸುತ್ತೆ. ನಾನು ಮಾಡುವ ಕೆಲಸ ಶುರುವಾಗುವುದೇ ಹಾಡು ಬಂದ ಮೇಲೆ.

ಮೊದಲ ತಿಂಗಳು ನಾನೂ ಎಲ್ಲರ ಹಾಗೇ ಮಾಡಿದೆ. 'ದುಃಖದ ಬ್ಲೂಸ್, ಭಾವಪೂರ್ಣ, ಆಳವಾದ ನೋವು' ಅಂತ ಬರೆದೆ. ಪ್ರತಿ ಸಲವೂ ಒಂದೇ ಥರದ ಹಾಡು. ನಿಧಾನದ ಲಯ, ದುಃಖ ಸೂಸುವ ಮೈನರ್ ಕೀ, ಗುಹೆಯೊಳಗೆ ನುಡಿಸಿದ ಹಾಗೆ ರಿವರ್ಬ್ ತುಂಬಿದ ಎಲೆಕ್ಟ್ರಿಕ್ ಗಿಟಾರು, ಗೊರಗೊರ ದನಿಯ ಮುದುಕ. ಕೇಳಲು ಚೆನ್ನಾಗಿಯೇ ಇರುತ್ತೆ, ಆದರೆ ಹತ್ತು ಹಾಡು ಕೇಳಿದ ಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಯಾಕೆ ಹೀಗೆ ಅಂದರೆ, ಈ ಟೂಲ್‌ಗಳು ಲಕ್ಷಾಂತರ ಹಾಡು ಕೇಳಿ ಕಲಿತು, ನೀವು ಬರೆದ ಮಾತಿಗೆ ಸಾಮಾನ್ಯವಾಗಿ ಯಾವ ಶಬ್ದ ಹೊಂದುತ್ತೆ ಅಂತ ಅಂದಾಜು ಮಾಡುತ್ತವೆ. 'ಭಾವಪೂರ್ಣ' ಅನ್ನುವ ಮಾತು ಲಕ್ಷ ಹಾಡಿಗೆ ಅಂಟಿಕೊಂಡಿರುತ್ತೆ. ಆ ಲಕ್ಷದ ಸರಾಸರಿ ನಿಮ್ಮ ಕೈಗೆ ಬರುತ್ತೆ.

ಆಮೇಲೆ ನಾನು ಭಾವದ ಪದಗಳನ್ನೆಲ್ಲ ತೆಗೆದುಹಾಕಿದೆ. ಬರೀ ವಸ್ತು ಬರೆಯತೊಡಗಿದೆ. ಒಂದೇ ಅಕೌಸ್ಟಿಕ್ ಗಿಟಾರು. ತಂತಿಯ ಮೇಲೆ ಜಾರಿಸುವ ಗಾಜಿನ ಸ್ಲೈಡು. ಮರದ ನೆಲದ ಮೇಲೆ ಕಾಲು ಕುಟ್ಟುವ ಸದ್ದು. ಡ್ರಮ್ ಬೇಡ, ಬೇಸ್ ಬೇಡ, ಹಿನ್ನೆಲೆ ಗಾಯನ ಬೇಡ. ಸಣ್ಣ ಕೋಣೆ, ಒಂದೇ ಮೈಕು. ಫಲಿತಾಂಶ ತಕ್ಷಣ ಬದಲಾಯಿತು. 'ಹಳೇ ಕಾಲದ' ಅನ್ನುವ ಪದವನ್ನೂ ಬಿಟ್ಟೆ, ಯಾಕೆಂದರೆ ಅದನ್ನು ಬರೆದರೆ ಟೂಲ್ ಹಳೇ ಗ್ರಾಮಫೋನ್ ತಟ್ಟೆಯ ಗರಗರ ಸದ್ದು ಸೇರಿಸಿ ಕೊಡುತ್ತೆ. ಆ ಸದ್ದು ಅಂದಿನ ತಟ್ಟೆಯ ಮಿತಿ. ಹಾಡಿದವರು ಅದನ್ನು ಬೇಕು ಅಂತ ಕೇಳಿರಲಿಲ್ಲ.

ಇನ್ನು ಹಾಡಿನ ಕಟ್ಟಡಕ್ಕೆ ಬರುತ್ತೇನೆ, ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ಬ್ಲೂಸ್‌ನ ಎಲ್ಲರಿಗೂ ಗೊತ್ತಿರುವ ಅಚ್ಚು 12 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು). ನಾಲ್ಕು ನಾಲ್ಕರ ಮೂರು ಭಾಗ, ಮೂರು ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರು ಗುಂಪು. ಮೊದಲ ಭಾಗದಲ್ಲಿ ಒಂದು ಸಾಲು. ಎರಡನೇ ಭಾಗದಲ್ಲಿ ಅದೇ ಸಾಲು ಮತ್ತೆ. ಮೂರನೆಯದರಲ್ಲಿ ಅದಕ್ಕೆ ಉತ್ತರ. ಎರಡನೇ ಸಲ ಅದೇ ಮಾತು ಬಂದಾಗ ಕೆಳಗಿನ ಕಾರ್ಡು ಬದಲಾಗಿರುತ್ತೆ. ಮಾತು ಅದೇ, ನಿಂತ ನೆಲ ಬೇರೆ. ಮೊದಲ ಸಲ ಸುದ್ದಿ ಹೇಳಿದ ಹಾಗೆ ಕೇಳಿಸಿದ್ದು ಎರಡನೇ ಸಲ ತನಗೆ ತಾನೇ ಹೇಳಿಕೊಂಡ ಹಾಗೆ ಕೇಳಿಸುತ್ತೆ. ನನಗೆ ಬ್ಲೂಸ್ ಹುಚ್ಚು ಹತ್ತಿದ್ದೇ ಇದರಿಂದ.

ಕನ್ನಡದಲ್ಲಿ ನಾನು ಬರೆದ ಒಂದು ಹಾಡಿನ ಮೊದಲ ಚರಣ ಹೀಗಿದೆ:

ಅಪ್ಪನ ನಂಬರು ಇನ್ನೂ ಫೋನಲ್ಲಿ ಹಾಗೇ ಇದೆ
ಹೌದು, ಅಪ್ಪನ ನಂಬರು ಇನ್ನೂ ಫೋನಲ್ಲಿ ಹಾಗೇ ಇದೆ
ಒತ್ತಿದರೆ ಬೇರೆ ಯಾರೋ ಹಲೋ ಅನ್ನುವ ಭಯವಿದೆ

ಇದನ್ನು ಟೂಲ್‌ಗೆ ಕೊಟ್ಟಾಗ ಮೊದಲು ಎಡವಿದ್ದು ಜಾಗದ ವಿಷಯದಲ್ಲಿ. ಬ್ಲೂಸ್‌ನಲ್ಲಿ ಹಾಡುಗಾರ ನಾಲ್ಕು ಬಾರ್ ಪೂರ್ತಿ ಹಾಡುವುದಿಲ್ಲ. ಎರಡು ಎರಡೂವರೆ ಬಾರ್‌ನಲ್ಲಿ ಮಾತು ಮುಗಿಸುತ್ತಾನೆ. ಉಳಿದ ಜಾಗದಲ್ಲಿ ಗಿಟಾರು ಉತ್ತರ ಕೊಡುತ್ತೆ. ಟೂಲ್‌ಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ ಅನ್ನಿಸುತ್ತೆ, 'ಇದೆ' ಅನ್ನುವುದನ್ನೇ ನಾಲ್ಕನೇ ಬಾರ್‌ವರೆಗೆ ಎಳೆದು ತುಂಬಿಸಿತು. ಸಾಲು ಚಿಕ್ಕದು ಮಾಡಿ, ಪ್ರತಿ ಸಾಲಿನ ಕೆಳಗೆ ಚೌಕ ಕಂಸದಲ್ಲಿ 'ಗಿಟಾರ್ ಉತ್ತರ' ಅಂತ ಬರೆದು ನೋಡಿದೆ. ಆರೇಳು ಸಲದಲ್ಲಿ ಒಂದು ಸಲ ಸರಿ ಬಂತು. ಅದರಲ್ಲೂ 'ಭಯ'ದ ಭ-ಕಾರ ಬ ಆಗಿತ್ತು. ನಾನು ಕೊಟ್ಟ ಇನ್ನೊಂದು ಹಾಡಿನಲ್ಲಿ 'ಮಳೆ' ಹೋಗಿ 'ಮಲೆ' ಆಯಿತು. ಕನ್ನಡದಲ್ಲಿ ಇದು ಸಣ್ಣ ತಪ್ಪಲ್ಲ, ಅರ್ಥವೇ ಹೋಗುತ್ತೆ ಅಲ್ವಾ.

ಎರಡನೆಯ ತೊಂದರೆ ಅಚ್ಚುಕಟ್ಟುತನ. 12 ಬಾರ್ ಅಂದರೆ ಟೂಲ್‌ಗೆ 12 ಬಾರೇ. ಆದರೆ ಹಳಬರು ಹಾಗೆ ಎಣಿಸಿ ನುಡಿಸುತ್ತಿರಲಿಲ್ಲ. ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯಿಟ್‌ನಲ್ಲಿ ರೆಕಾರ್ಡ್ ಮಾಡಿದ 'ಬೂಗಿ ಚಿಲ್ಲನ್' ಕೇಳಿ. ಒಂದು ಎಲೆಕ್ಟ್ರಿಕ್ ಗಿಟಾರು, ಒಂದು ಗಂಟಲು, ಕಾಲು ಕುಟ್ಟುವ ಸದ್ದು, ಅಷ್ಟೇ. ಹಾಡು ಪೂರ್ತಿ ಹೆಚ್ಚುಕಡಿಮೆ ಒಂದೇ ಕಾರ್ಡಿನ ಮೇಲೆ ಓಡುತ್ತೆ. ಲೈಟ್ನಿನ್ ಹಾಪ್ಕಿನ್ಸ್ ಕೂಡ ಅಷ್ಟೇ, ಮಾತು ಮುಗಿದಾಗ ಕಾರ್ಡು ಬದಲಾಗುತ್ತೆ, ಎಣಿಕೆ ಮುಗಿದಾಗ ಅಲ್ಲ. ಜೊತೆಗೆ ನುಡಿಸುವವರು ಅವರ ಮುಖ ನೋಡಿಕೊಂಡೇ ನುಡಿಸಬೇಕಿತ್ತು. 'ಒಂದೇ ಕಾರ್ಡು' ಅಂತ ನಾನು ಎಷ್ಟು ಸಲ ಬರೆದರೂ ಐದನೇ ಬಾರ್ ಬಂದ ತಕ್ಷಣ ಟೂಲ್ ಬೇರೆ ಕಾರ್ಡಿಗೆ ಜಿಗಿಯುತ್ತೆ. ಅದು ಕಲಿತ ಹಾಡುಗಳಲ್ಲಿ ಬಹುತೇಕ ಹಾಗೇ ಇರಬೇಕು.

ಹಾಗಾಗಿ ಇದನ್ನು ಪ್ರಾಂಪ್ಟ್‌ನಲ್ಲಿ ಸರಿ ಮಾಡುವ ಆಸೆ ಬಿಟ್ಟೆ. ಗಾಯನ ಬೇರೆ, ಗಿಟಾರು ಬೇರೆ ಮಾಡಿ ಫೈಲ್ ಇಳಿಸಿಕೊಳ್ಳುತ್ತೇನೆ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕತ್ತರಿಸುತ್ತೇನೆ. ಒಂದು ಚರಣದಲ್ಲಿ ಅರ್ಧ ಬಾರ್ ತೆಗೆಯುತ್ತೇನೆ, ಇನ್ನೊಂದರಲ್ಲಿ ಒಂದು ಬಾರ್ ಸೇರಿಸಿ 13 ಮಾಡುತ್ತೇನೆ. ಗಿಟಾರಿನ ಉತ್ತರವನ್ನು ಕೂದಲೆಳೆಯಷ್ಟು ತಡವಾಗಿ ತಳ್ಳುತ್ತೇನೆ. ಹೀಗೆ ಒಂದು ಹಾಡಿಗೆ ಎರಡು ಮೂರು ವಾರ ಹಿಡಿಯುತ್ತೆ.

ಟೂಲ್‌ಗಳು ಚೆನ್ನಾಗಿ ಮಾಡುವ ಕೆಲಸವನ್ನೂ ಹೇಳಬೇಕು. ಬ್ಲೂಸ್‌ನ ಜೀವ ಇರುವುದು ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವಿನ ಜಾಗದಲ್ಲಿ. ಪಿಯಾನೋದಲ್ಲಿ ಆ ಸ್ವರಕ್ಕೆ ಮನೆ ಇಲ್ಲ. ತಂತಿ ಎಳೆದು, ಸ್ಲೈಡು ಜಾರಿಸಿ, ಗಂಟಲು ಬಾಗಿಸಿ ತರಬೇಕು. ಟೂಲ್‌ಗಳು ಅದನ್ನು ಬೆರಗಾಗುವಷ್ಟು ಚೆನ್ನಾಗಿ ತರುತ್ತವೆ. ಆದರೆ ಎಲ್ಲ ಸಾಲಿನಲ್ಲೂ ತರುತ್ತವೆ. ಯಾವ ಪದದ ಮೇಲೆ ಸ್ವರ ಬಾಗಬೇಕು ಅನ್ನುವುದನ್ನು ಹಾಡಿನ ಅರ್ಥ ಗೊತ್ತಿದ್ದವರೇ ಆರಿಸಬೇಕು. ಮೇಲಿನ ಚರಣದಲ್ಲಿ ಅದು 'ಹಲೋ' ಮೇಲೆ ಮಾತ್ರ ಬಾಗಬೇಕಿತ್ತು. ಅದೊಂದಕ್ಕಾಗಿ ನಲವತ್ತಕ್ಕೂ ಹೆಚ್ಚು ಸಲ ಹಾಡಿಸಿದೆ. ಅವತ್ತು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಹಳೇ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ ಮೈಕಿನ ಮುಂದೆ ಕೂತು ಬಿಟ್ಟುಹೋದದ್ದು ಒಟ್ಟು 29 ಹಾಡು. 1938ರಲ್ಲಿ, 27ನೇ ವಯಸ್ಸಿಗೆ ತೀರಿಕೊಂಡರು.

ಇಲ್ಲಿಗೆ ಬಂದರೆ ಗೆಳೆಯರ ಸಿಟ್ಟಿನ ನಿಜವಾದ ಕಾರಣ ಸಿಗುತ್ತೆ. ಬ್ಲೂಸ್ ಹುಟ್ಟಿಸಿದವರು ಅಮೆರಿಕದ ಕಪ್ಪು ಜನ. ಗುಲಾಮಗಿರಿ ಮುಗಿದ ಮೇಲೂ ಹತ್ತಿ ಹೊಲದ ಸಾಲದಲ್ಲಿ ಸಿಕ್ಕಿಕೊಂಡಿದ್ದವರ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಎಷ್ಟೋ ಜನಕ್ಕೆ ಹಾಡಿಗಿಷ್ಟು ಅಂತ ಒಂದೇ ಸಲ ದುಡ್ಡು ಕೊಟ್ಟು ಕಳಿಸಿದರು. ಮುಂದೆ ಏನೂ ಸಿಗಲಿಲ್ಲ. ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್, ತಮ್ಮ ಹಾಡಿನ ಪದ ಬಳಸಿಕೊಂಡ ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಪೆಲಿನ್ ವಿರುದ್ಧ 1985ರಲ್ಲಿ ಕೇಸು ಹಾಕಬೇಕಾಯಿತು, 1987ರಲ್ಲಿ ರಾಜಿಯಾಯಿತು, ಹಾಡಿನಲ್ಲಿ ಅವರ ಹೆಸರು ಸೇರಿದ್ದು ಆಮೇಲೆ. ಈಗ ಎಐ ಬಂದಿದೆ. 2024ರ ಜೂನ್‌ನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಎಐ ಹಾಡಿನ ಟೂಲ್‌ಗಳಾದ ಸುನೋ ಮತ್ತು ಯೂಡಿಯೋ ಮೇಲೆ ಕೇಸು ಹಾಕಿದವು. ತನ್ನ ಎಐ ಕಲಿತ ಕೋಟ್ಯಂತರ ಧ್ವನಿಮುದ್ರಣಗಳಲ್ಲಿ ಆ ಕಂಪನಿಗಳ ಹಾಡುಗಳೂ ಇರಬಹುದು ಅಂತ ಸುನೋ ತನ್ನ ಉತ್ತರದಲ್ಲಿ ಒಪ್ಪಿಕೊಂಡಿತು, ಅದು ಕಾನೂನು ಒಪ್ಪುವ ನ್ಯಾಯವಾದ ಬಳಕೆ ಅಂತ ವಾದಿಸಿತು. ಆಮೇಲೆ ಕೆಲವು ಕಂಪನಿಗಳು ಈ ಟೂಲ್‌ಗಳ ಜೊತೆ ಒಪ್ಪಂದ ಮಾಡಿಕೊಂಡವು. ಕಂಪನಿಗಳ ನಡುವಿನ ಒಪ್ಪಂದದಿಂದ ಹಾಡಿದವರ ಮನೆಗೆ ಎಷ್ಟು ಮುಟ್ಟುತ್ತೆ ಅನ್ನುವುದೇ ನನಗೆ ಮುಖ್ಯ ಪ್ರಶ್ನೆ.

ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ವಿಷಯ ನನ್ನನ್ನು ಬಿಡುವುದೇ ಇಲ್ಲ. 1941ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಮಿಸಿಸಿಪ್ಪಿಯ ಸ್ಟೋವಾಲ್ ತೋಟಕ್ಕೆ ಹೋಗಿ ಅವರ ಹಾಡು ಮುದ್ರಿಸಿಕೊಂಡರು. ಮಡ್ಡಿ ಆಗ ಟ್ರಾಕ್ಟರ್ ಓಡಿಸುತ್ತಿದ್ದರು. ತಮ್ಮ ದನಿಯನ್ನು ತಟ್ಟೆಯಲ್ಲಿ ಕೇಳಿದ ಮೇಲೆ ತಾನೂ ಹಾಡುಗಾರ ಅನ್ನುವ ಧೈರ್ಯ ಬಂತು. 1943ರಲ್ಲಿ ಶಿಕಾಗೋಗೆ ಹೋದರು. ಅವರು ಕೇಳಿದ್ದು ತಮ್ಮದೇ ದನಿ. ನನ್ನ ಹೆಡ್‌ಫೋನಿನಲ್ಲಿ ಹಾಡುವ ಮುದುಕ ಯಾರು? ಅವನು ಎಲ್ಲೂ ಬದುಕಿಲ್ಲ. ಬದುಕಿದ ಎಷ್ಟೋ ಜನರ ಗಂಟಲುಗಳು ಮಾತ್ರ ಅವನೊಳಗೆ ಕರಗಿವೆ.

ಆದ್ದರಿಂದ ಕೆಲವು ಕೆಲಸ ನಾನು ಮಾಡುವುದಿಲ್ಲ. ಇಲ್ಲದ ಹಾಡುಗಾರನಿಗೆ ಹೆಸರು, ಊರು, ಹುಟ್ಟಿದ ವರ್ಷ ಕಟ್ಟಿ, 'ಮರೆತುಹೋದ ಬ್ಲೂಸ್ ಕಲಾವಿದ' ಅಂತ ಸುಳ್ಳು ಫೋಟೋ ಹಾಕಿ ಬಿಡುವುದಿಲ್ಲ. ನಿಜವಾಗಿ ಮರೆತುಹೋದವರು ಬೇಕಾದಷ್ಟು ಜನ ಇದ್ದಾರೆ. ಯಾವುದೇ ಕಲಾವಿದರ ದನಿಯನ್ನು ನಕಲು ಮಾಡಿಸುವುದಿಲ್ಲ. ಹತ್ತಿ ಹೊಲದ ದುಃಖವನ್ನು ನಾನು ಬರೆಯುವುದಿಲ್ಲ, ಅದು ನಾನು ಬದುಕಿದ್ದಲ್ಲ. ಅಪ್ಪನ ನಂಬರು ನಾನು ಬದುಕಿದ್ದು.

ಆ ಹಾಡಿನಲ್ಲಿ ಕೊನೆಗೆ ಯಂತ್ರದ ಗಾಯನ ಪೂರ್ತಿ ಅಳಿಸಿದೆ. ನಲವತ್ತು ಸಲದಲ್ಲಿ ಒಂದು ಸಲ 'ಹಲೋ' ಸರಿಯಾಗಿ ಬಾಗಿತ್ತು, ಆದರೆ ಅಪ್ಪನ ಬಗ್ಗೆ ಬೇರೆ ಯಾರೋ ಹಾಡುತ್ತಿದ್ದಾರೆ ಅನ್ನಿಸಿತು. ನಾನೇ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಾನು ಉಸಿರು ತೆಗೆದುಕೊಂಡ ಕಡೆ ಗಿಟಾರು ಸುಮ್ಮನಿರಬೇಕಿತ್ತು, ಅದನ್ನು ಮತ್ತೆ ಕತ್ತರಿಸಿ ಜೋಡಿಸಿದೆ. ಎರಡನೇ ಚರಣ ಈಗ 13 ಬಾರ್ ಇದೆ.

ಈಗ ಪ್ರತಿ ಹಾಡಿನ ಕೆಳಗೂ ಯಾವುದು ಯಾರದ್ದು ಅಂತ ಬರೆದೇ ಹಾಕುತ್ತೇನೆ. ಈ ಹಾಡಿನ ಕೆಳಗೆ ಇರುವುದು ಇಷ್ಟು: ಪದ ನನ್ನದು, ದನಿ ನನ್ನದು, ಜೋಡಣೆ ನನ್ನದು. ಗಿಟಾರು ಎಐ.